ಹಂಸದ ಕತ್ತಿನಲ್ಲಿ ಉತ್ಪಲಮಾಲೆ

ನನ್ನ ಗಂಟಲನ್ನು ಒಂದು ಯಂತ್ರಕ್ಕಾಗಿ ಕೇಳಿಕೊಂಡು ಬಂದವಳು ನನ್ನ ಹಳೆಯ ಶಿಷ್ಯೆ. ಹೊಸ ಶತಮಾನ ಹುಟ್ಟಿ ಮೂರು ವರ್ಷವಾಗಿತ್ತು. ನಾನು ಹನೂರಿನ ಪ್ರೌಢಶಾಲೆಯಲ್ಲಿ ಕನ್ನಡವನ್ನೂ ಸಂಸ್ಕೃತವನ್ನೂ ಪಾಠ ಹೇಳಿ ನಿವೃತ್ತನಾಗಿ, ಯಳಂದೂರಿನ ಮನೆಯಲ್ಲಿ ಬೆಳಿಗ್ಗೆ ಪೂಜೆ, ಮಧ್ಯಾಹ್ನ ಗ್ರಂಥ, ಸಂಜೆ ಕಾವ್ಯವಾಚನ ಎಂದು ದಿನವನ್ನು ಮೂರಾಗಿ ಹಂಚಿಕೊಂಡು ಸುಖವಾಗಿದ್ದ ಕಾಲ. ಶಾಗ್ಯದಿಂದ ಬಸ್ಸಿನಲ್ಲಿ ಬಂದು ನನ್ನಲ್ಲಿ ಓದುತ್ತಿದ್ದ ಆಕೆ ಆಗ ಕೊಳ್ಳೇಗಾಲದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕಿ. ಶ್ರಾವಣದ ಒಂದು ಬುಧವಾರ ಬಂದು, ನನ್ನ ಹೆಂಡತಿ ಕೊಟ್ಟ ಕಾಫಿಯನ್ನು ಕೈಯಲ್ಲಿ ಹಿಡಿದುಕೊಂಡೇ, ಕುಡಿಯುವುದನ್ನು ಮರೆತು ಮಾತಿಗೆ ತೊಡಗಿದಳು.

"ಸಾ, ಮೂರು ಗಂಟೆ ಕಾವ್ಯ ಓದಿದ್ರೂ ಸುಸ್ತಾಗದ ಗಂಟಲು ಈ ಮೂರು ಊರಲ್ಲಿ ನಿಮ್ಮದೊಂದೇ. ಅದು ನಂಗೆ ನಾಲ್ಕು ದಿನ ಬೇಕು."

"ಯಾವ ಕಾವ್ಯವಮ್ಮ?"

"ಕಾವ್ಯ ಅಲ್ಲ ಸಾ. ಸೀರೆ ಅಂಚು."

ಒಳಗಿನಿಂದ ನನ್ನ ಹೆಂಡತಿ, "ನೋಡಿದ್ರಾ, ನಿಮಗೂ ಕೊನೆಗೆ ಸೀರೆ ಓದೋ ಯೋಗ ಬಂತು. ಮನೇಲಿರೋದನ್ನ ಮದುವೆಯಾದಾಗಿನಿಂದ ಒಂದು ಸಲವಾದ್ರೂ ನೋಡಿದ್ದೀರಾ?" ಎಂದು ಕೇಳಿದಳು. ನಾನು ಶಿಷ್ಯೆಯ ಕಡೆಗೆ ತಿರುಗಿದೆ.

ಶಿಷ್ಯೆ ಹೇಳಿದ ವಿಷಯ ಹೀಗಿತ್ತು. ಅವಳ ಬಾಡಿಗೆ ಮನೆಯ ಪಕ್ಕದಲ್ಲಿ ಒಬ್ಬ ಹೆಣ್ಣುಮಗಳ ರೇಷ್ಮೆ ಮಗ್ಗವಿದೆ. ನೇಯುವವಳು ಆಕೆ, ಲಾಳಿಯೊಳಗಿನ ನೂಲಿನ ಕಂಡಿಕೆ ಸುತ್ತಿಕೊಡುವವನು ಆಕೆಯ ಗಂಡ. ಮಗ್ಗದ ಮೇಲಿನ ಜಕಾರ್ಡಿನಲ್ಲಿ ರಟ್ಟಿನ ಕಾರ್ಡುಗಳ ಒಂದು ಮಾಲೆ ಸುತ್ತುತ್ತದೆ. ಪ್ರತಿ ಕಾರ್ಡಿನಲ್ಲಿಯೂ ತೂತುಗಳು. ತೂತು ಇದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗುಳಿಯುತ್ತದೆ. ಹೀಗೆ ಎದ್ದು ಇಳಿದು ಅಂಚಿನಲ್ಲಿ ಸರಿಗೆಯ ಹಂಸ ಮೂಡುತ್ತದೆ. ಆ ಕಾರ್ಡುಗಳನ್ನು ಆಕೆಯ ತಂದೆ ಕೈಯಾರೆ ಕೊರೆದದ್ದು. ಅವರ ಕಾಲದಿಂದಲೂ ಪ್ರತಿ ನವರಾತ್ರಿಯ ಅಷ್ಟಮಿಗೆ ಆ ಹಂಸದಂಚಿನ ಸೀರೆಯೊಂದು ಅವರ ಬೀದಿಯ ಅಮ್ಮನವರಿಗೆ ಹೋಗುತ್ತದೆ. ಹೊರಗಿನ ಯಾರಿಗೂ ಆ ಅಂಚನ್ನು ನೇಯುವ ವಾಡಿಕೆಯಿಲ್ಲ. ಆ ವರ್ಷದ ಮುಂಗಾರಿನಲ್ಲಿ ಸೂರು ಸೋರಿ, ಕಟ್ಟಿದ್ದ ದಾರ ಕೊಳೆತು, ಮಾಲೆ ಕಳಚಿಬಿತ್ತು. ಮೇಲೆ ಬರೆದಿದ್ದ ಸಂಖ್ಯೆಗಳು ತೊಳೆದುಹೋದವು. ಆಕೆ ನೂರ ತೊಂಬತ್ತೆರಡು ಕಾರ್ಡುಗಳನ್ನೂ ಒಣಗಿಸಿ, ನೆಲದ ಮೇಲೆ ಹರಡಿ, ಕಣ್ಣಳತೆಯಲ್ಲಿ ಜೋಡಿಸಿ, ಮತ್ತೆ ಹೆಣೆದು, ಒಂದು ಗೇಣು ನೇಯ್ದು ನೋಡಿದಳು. ಹಂಸ ಬಂತು, ಆದರೆ ನಾಲ್ಕಾರು ಕಡೆ ಯಾರೋ ಚಿವುಟಿದಂತೆ ಬಂತು. ಎಲ್ಲಿ ಕಾರ್ಡು ತಪ್ಪಿದೆ ಎಂಬುದು ತಿಳಿಯುತ್ತಿಲ್ಲ. ಸೀರೆಯ ಉದ್ದೆಳೆಗಳ ಹಾಸು ಮಗ್ಗವೇರಿ ಕಾದಿದೆ.

"ಕಣ್ಣಿಗೆ ಸಿಕ್ಕದ್ದು ಕಿವಿಗೆ ಸಿಗುತ್ತೆ ಸಾ," ಎಂದಳು ಶಿಷ್ಯೆ. ಅವಳಲ್ಲಿ ಧ್ವನಿಯನ್ನು ಹುಟ್ಟಿಸುವುದಕ್ಕೆಂದೇ ರಚಿತವಾದ ಒಂದು ಕಂಪ್ಯೂಟರ್ ಭಾಷೆಯಿತ್ತು. ಗೆಳತಿಯೊಬ್ಬಳು ಕೊಟ್ಟ ಡಿಸ್ಕಿನಿಂದ ಅದನ್ನು ಮನೆಯ ಯಂತ್ರಕ್ಕೆ ಹಾಕಿಕೊಂಡು ಒಂದು ವರ್ಷದಿಂದ ಕಲಿಯುತ್ತಿದ್ದಳು. ಅದರಲ್ಲಿ ಅರೇ ಎಂಬುದೊಂದು ಇದೆಯಂತೆ. ಅರೇ ಎಂದರೆ ಸಂಖ್ಯೆಗಳು ವಾಸಿಸುವ ಸಾಲುಮನೆ. ಒಂದು ಮನೆಗೆ ಒಂದೇ ಸಂಖ್ಯೆ. ಯಂತ್ರವು ಆ ಸಾಲಿನುದ್ದಕ್ಕೂ ಓಡುತ್ತಾ ಪ್ರತಿ ಬಾಗಿಲನ್ನೂ ತಟ್ಟಿದರೆ ನಾದ ಹುಟ್ಟುತ್ತದೆ. ತೂತಿಗೆ ಒಂದು, ತೂತಿಲ್ಲದಕ್ಕೆ ಸೊನ್ನೆ ಎಂದು ಎಲ್ಲ ಕಾರ್ಡುಗಳನ್ನೂ ಒಳಗೆ ತುಂಬಿಸಿದರೆ, ಅಕ್ಕಪಕ್ಕದ ಕಾರ್ಡುಗಳು ಹೆಚ್ಚುಕಡಿಮೆ ಒಂದೇ ರೂಪದವಾದ್ದರಿಂದ ದನಿ ಮೆಲ್ಲಗೆ ಮಾತ್ರ ಬದಲಾಗಬೇಕು. ಅನ್ಯ ಕಾರ್ಡು ನಡುವೆ ಬಂದರೆ ದನಿ ಎಡವಬೇಕು.

ಅವಳ ಮಾತು ಮುಗಿಯುವ ಮೊದಲೇ ನನ್ನ ತಲೆಯಲ್ಲಿ ನೂಪುರ ಕಟ್ಟಿದಂತಾಗಿತ್ತು. ಬದುಕಿನುದ್ದಕ್ಕೂ ನಾನು ಮಾಡಿದ್ದೇನು? ಸಾಲುಗಳಲ್ಲಿ ಎರಡೇ ಎರಡು ಚಿಹ್ನೆಗಳನ್ನು ಕೂರಿಸಿ ಅದರಿಂದ ನಾದ ಹೊರಡುವುದನ್ನು ಮಕ್ಕಳಿಗೆ ತೋರಿಸಿದ್ದೇ ಅಲ್ಲವೆ? ಮರುದಿನವೇ ಬಸ್ ಹತ್ತಿದೆ.

ಮಗ್ಗದ ಮನೆಯಲ್ಲಿ ಮೊದಲ ತೊಡಕು ಎದುರಾಯಿತು. ನಾನು ಕಾರ್ಡನ್ನು ನೋಡಿ "ಇದೆ, ಇಲ್ಲ, ಇಲ್ಲ, ಇದೆ" ಎಂದು ಒಂದು ಸಾಲು ಓದುವಷ್ಟರಲ್ಲಿ ನೇಕಾರಗಿತ್ತಿ ಎರಡೂ ಕೈಯೆತ್ತಿ ತಡೆದಳು.

"ಅಯ್ನೋರೆ, ಮಗ್ಗದ ಮುಂದೆ ಕುಂತ್ಕಂಡು ಇಲ್ಲ ಇಲ್ಲ ಅನ್ನಬ್ಯಾಡಿ. ನಮ್ಮಪ್ಪ ನೂಲು ಮುಗಿದ್ರೂ ಇಲ್ಲ ಅಂತಿರ್ನಿಲ್ಲ, ತುಂಬ್ಯದೆ ಅಂತಿದ್ರು. ನೀವು ಒಂದು ಕಾರ್ಡಿಗೇ ಅರವತ್ತು ಸಲ ಇಲ್ಲ ಅಂದ್ರೆ ಅಮ್ಮನೋರು ಎದ್ದೋಗ್ಬುಡ್ತಾಳೆ."

ಅವಳ ಮಾತು ನನಗೆ ಅತ್ಯಂತ ಯುಕ್ತವೆನಿಸಿತು. ಶುಭಕಾರ್ಯದಲ್ಲಿ ಅಷ್ಟು ನಿಷೇಧವಾಕ್ಯಗಳು ಸಲ್ಲವು. ಆಗ ನಾನೇ, ನನ್ನ ಜಾಣ್ಮೆಗೆ ನಾನೇ ಬೀಗುತ್ತಾ, ಪರಿಹಾರ ಸೂಚಿಸಿದೆ: ಛಂದಸ್ಸಿನಲ್ಲಿ ಹ್ರಸ್ವವಾದ ಅಕ್ಷರ ಲಘು, ದೀರ್ಘವಾದದ್ದು ಗುರು. ತೂತು ಇದ್ದರೆ ಗುರು, ಇರದಿದ್ದರೆ ಲಘು. "ಗ" ಎಂದರೆ ಶಿಷ್ಯೆ ಒಂದನ್ನು ಒತ್ತಲಿ, "ಲ" ಎಂದರೆ ಸೊನ್ನೆಯನ್ನು. ಲಕಾರವೂ ಶುಭ, ಗಕಾರವೂ ಶುಭ. ಎಲ್ಲರೂ ಒಪ್ಪಿದರು. ನೇಕಾರಗಿತ್ತಿಯ ಗಂಡ ಕಂಡಿಕೆ ಸುತ್ತುವುದನ್ನು ನಿಲ್ಲಿಸಿ, "ಲಗ ಲಗ ಅಂದ್ರೆ ಬೇಗ ಬೇಗ ಆಯ್ತದೆ ಬುಡಿ," ಎಂದ.

ಯಂತ್ರವಿದ್ದದ್ದು ಶಿಷ್ಯೆಯ ಮನೆಯಲ್ಲಿ. ನಾನು ಕಿಟಕಿಗೆ ಎದುರಾಗಿ ಚಾಪೆಯ ಮೇಲೆ ಕುಳಿತೆ. ಶಿಷ್ಯೆ ನನ್ನ ಹಿಂದೆ ಕೀಲಿಮಣೆಯ ಮುಂದೆ ಕುಳಿತಳು. ನೇಕಾರಗಿತ್ತಿ ಹೊರಗೆ ಜಗಲಿಯ ಮೇಲೆ ನಿಂತು ಒಂದೊಂದೇ ಕಾರ್ಡನ್ನು ಕಿಟಕಿಯ ಸರಳಿಗೆ ಆನಿಸಿ ಹಿಡಿದಳು. ಆಕಾಶದ ಬೆಳಕು ತೂತುಗಳಿಂದ ಒಳಗೆ ಬಂತು. ಒಂದು ಕಾರ್ಡಿಗೆ ನೂರಿಪ್ಪತ್ತು ಸ್ಥಾನಗಳು. ಗಣಪತಿಗೆ ವಂದಿಸಿ ಆರಂಭಿಸಿದೆ: ಲ ಲ ಗ ಲ, ಗ ಗ ಲ ಲ. ಕಾರ್ಡು ಮುಗಿದಾಗ "ಮುಂದೆ" ಎನ್ನುವುದು. ಸರಳಿನಾಚೆ ರಟ್ಟು ಬದಲಾಗುವುದು. ಕಾಲೇಜಿನಿಂದ ರಜೆ ಹಾಕಿದ್ದ ಅಧ್ಯಾಪಕಿಯ ಬೆರಳುಗಳು ನನ್ನ ನಾಲಗೆಯ ಹಿಂದೆಯೇ ಓಡುವುವು.

ಆ ನಾಲ್ಕು ದಿನಗಳ ಉನ್ಮಾದವನ್ನು ಏನೆಂದು ಹೇಳಲಿ! ಸಂಜೆಯ ಬಸ್ಸಿನಲ್ಲಿ ಯಳಂದೂರಿಗೆ ಹಿಂತಿರುಗುವಾಗ ಕಂಡಕ್ಟರ್ "ಯಾರ್ರೀ ಟಿಕೇಟ್ ಟಿಕೇಟ್" ಎಂದರೆ ನಾನು ಬೆರಳಿನಲ್ಲಿ ಗಣವಿಭಾಗ ಮಾಡುತ್ತಿದ್ದೆ. ಕಬ್ಬಿನ ಗದ್ದೆಗಳ ನಡುವೆ ನಿಂತ ತೆಂಗಿನ ಮರಗಳು ಗುರುಗಳಾಗಿಯೂ ಅವುಗಳ ನಡುವಣ ತೆರಪು ಲಘುಗಳಾಗಿಯೂ ಓಡಿ ಹೋಗುತ್ತಿದ್ದವು. ಮನೆಯಲ್ಲಿ ಎಲೆಯ ಮುಂದೆ ಕುಳಿತು ದೊಡ್ಡ ಬೇಳೆ, ಸಣ್ಣ ಬೇಳೆಗಳನ್ನು ಎಡದಿಂದ ಬಲಕ್ಕೆ ಜೋಡಿಸುತ್ತಿದ್ದಾಗ ನನ್ನ ಹೆಂಡತಿ ಸೌಟನ್ನು ಎತ್ತಿ ಹಿಡಿದು, "ಇದು ಗುರುವೋ ಲಘುವೋ? ತಲೆ ಮೇಲೆ ಬಿದ್ದ ಮೇಲೆ ಹೇಳ್ತೀರಾ, ಈಗಲೇ ಹೇಳ್ತೀರಾ?" ಎಂದಳು.

ಎರಡನೆಯ ದಿನ ವರಮಹಾಲಕ್ಷ್ಮಿ ವ್ರತ. ನೇಕಾರಗಿತ್ತಿ ಪೂಜೆ ಮುಗಿಸಿ, ನಮಗೆಲ್ಲ ಶಿಷ್ಯೆಯ ಅಡುಗೆಮನೆಯಲ್ಲಿಯೇ ಒಬ್ಬಟ್ಟು ಮಾಡಿ ಬಡಿಸಿದಳು. ತುಪ್ಪ ಧಾರಾಳವಾಗಿತ್ತು. ಮೂರು ಒಬ್ಬಟ್ಟಿನ ನಂತರ ನಾನು ಸಾಕೆಂದದ್ದನ್ನು ಯಾರೂ ನಂಬಲಿಲ್ಲ. ಊಟದ ಬಳಿಕ ವಾಚನ ಮುಂದುವರಿಯಿತು. ಅದೇನು ಓಟವೋ, ನಾಲಗೆಗೆ ಚಕ್ರ ಬಂದಂತೆ ಓಡಿತು.

"ಸಾ, ಊಟ ಆದ್ಮೇಲೆ ನಿಮ್ಮ ಸ್ಪೀಡು ಎರಡರಷ್ಟಾಗಿದೆ," ಎಂದು ಶಿಷ್ಯೆ ಬೆರಗಾದಳು.

"ಅನ್ನಪೂರ್ಣೆಯ ಪ್ರಸಾದವಮ್ಮ," ಎಂದೆ ನಾನು.

ನಾಲ್ಕನೆಯ ದಿನದ ಮಧ್ಯಾಹ್ನಕ್ಕೆ ಕೊನೆಯ ಕಾರ್ಡು ಮುಗಿಯಿತು. ನೂರ ತೊಂಬತ್ತೆರಡನ್ನು ನೂರಿಪ್ಪತ್ತರಿಂದ ಗುಣಿಸಿದರೆ ಇಪ್ಪತ್ತಮೂರು ಸಾವಿರದ ನಲವತ್ತು. ಅಷ್ಟೂ ಸಂಖ್ಯೆಗಳನ್ನು ಶಿಷ್ಯೆ ಒಂದೇ ಆಜ್ಞೆಯ ಬಾಲಕ್ಕೆ ಕಟ್ಟಿ ಯಂತ್ರಕ್ಕೆ ಒಪ್ಪಿಸಿದಳು. ಯಂತ್ರ ಒಪ್ಪಲಿಲ್ಲ. ಒಂದು ವಾಕ್ಯದಲ್ಲಿ ಇಷ್ಟು ಪದಗಳನ್ನು ಹೊರಲಾರೆನೆಂದು ಅದು ಆಂಗ್ಲದಲ್ಲಿ ವಿನಯದಿಂದ ತಿಳಿಸಿತು. ಅವಳು ಪುಸ್ತಕ ತಿರುವಿ, ಹಣೆ ಬಡಿದುಕೊಂಡು, "ದೊಡ್ಡ ಸಾಲನ್ನು ಆಜ್ಞೆಯೊಳಗೆ ಬರೀಬಾರದು ಸಾ, ಬೇರೆ ಕಡತದಲ್ಲಿ ಬರೆದಿಟ್ಟು, ಅಲ್ಲಿಂದ ಓದಿಕೊ ಅಂತ ಹೇಳಬೇಕು," ಎಂದಳು. ಹಾಗೆಯೇ ಮಾಡಿದಳು. ಹೊಸ ಕಡತವೆಂದ ಮೇಲೆ ನೆತ್ತಿಯಲ್ಲಿ ಶ್ರೀಕಾರವಿಲ್ಲದಿದ್ದರೆ ಹೇಗೆ? ನನ್ನ ಒತ್ತಾಯಕ್ಕೆ ಅವಳು ಆಂಗ್ಲ ಲಿಪಿಯಲ್ಲಿ ಶ್ರೀ ಎಂದು ಹೊಡೆದಳು. ಯಂತ್ರ ಮೊದಲ ಹೆಜ್ಜೆಯಲ್ಲಿಯೇ ಮುಗ್ಗರಿಸಿತು. ಅದಕ್ಕೆ ಬೇಕಾದದ್ದು ಸಂಖ್ಯೆ ಮಾತ್ರ. ಅಳಿಸಲು ಬೆರಳೆತ್ತಿದವಳು ನನ್ನ ಮುಖ ನೋಡಿ ಕರಗಿ, ಶ್ರೀಕಾರಕ್ಕೆ ಮೊದಲು ಒಂದು ಅರ್ಧವಿರಾಮ ಚಿಹ್ನೆಯನ್ನಿಟ್ಟಳು. ಆ ಚಿಹ್ನೆಯ ನಂತರದ್ದು ಮನುಷ್ಯರಿಗೆ ಸೇರಿದ್ದೆಂದು ತಿಳಿದು ಯಂತ್ರವು ಆ ಸಾಲನ್ನು ಬಿಟ್ಟು ಮುಂದಕ್ಕೆ ಹೋಗುತ್ತದಂತೆ. ಶ್ರೀಕಾರ ಉಳಿಯಿತು. ಯಂತ್ರವೂ ಮುಂದೆ ಹೋಯಿತು.

ಮತ್ತೆ ನಿಂತಿತು. ಈ ಸಲ ಅದರ ತಕರಾರು ಸಾಲುಮನೆಗಳ ಎಣಿಕೆಯದು. ಮನೆಗಳ ಸಂಖ್ಯೆ ಒಂದನ್ನು ಇಮ್ಮಡಿಸುತ್ತಾ ಹೋದಾಗ ಬರುವ ಸಂಖ್ಯೆಯೇ ಆಗಿರಬೇಕು. "ಇಪ್ಪತ್ತಮೂರು ಸಾವಿರಕ್ಕಿಂತ ದೊಡ್ಡದು ಯಾವುದು ಬರುತ್ತೆ..." ಎಂದು ಅವಳು ಕಾಗದ ಹುಡುಕುತ್ತಿದ್ದಳು.

"ಮೂವತ್ತೆರಡು ಸಾವಿರದ ಏಳುನೂರ ಅರವತ್ತೆಂಟು," ಎಂದೆ.

ಅವಳು ತಿರುಗಿ ನನ್ನನ್ನು ನೋಡಿದ ನೋಟವಿದೆಯಲ್ಲ, ನಿವೃತ್ತಿಯ ದಿನ ಹೊದಿಸಿದ ಶಾಲೂ ನನಗೆ ಅಷ್ಟು ಬೆಚ್ಚಗಿರಲಿಲ್ಲ. ಇದರಲ್ಲಿ ನನ್ನ ಪವಾಡವೇನೂ ಇಲ್ಲ. ಪಾದಕ್ಕೆ ಹದಿನೈದು ಅಕ್ಷರವಿರುವ ಛಂದಸ್ಸಿನಲ್ಲಿ ಲಘುಗುರುಗಳನ್ನು ಅಷ್ಟು ಬಗೆಯಲ್ಲಿ ಜೋಡಿಸಬಹುದು. ಬಾಲ್ಯದಲ್ಲಿ ಗುರುಗಳು ಉರು ಹೊಡೆಸಿದ್ದು. ಐವತ್ತು ವರ್ಷ ಯಾರೂ ಕೇಳದಿದ್ದ ಪ್ರಶ್ನೆಯನ್ನು ಕೊಳ್ಳೇಗಾಲದ ಬಾಡಿಗೆ ಮನೆಯಲ್ಲಿ ಒಂದು ಯಂತ್ರ ಕೇಳಿತು, ಅಷ್ಟೆ.

ಕರೆಂಟು ಹೋಗಿ, ಬಂದು, ನಾಲ್ಕೂವರೆಗೆ ನಾದ ಹೊರಟಿತು. ಒಂದು ಕಾರ್ಡನ್ನು ಇಪ್ಪತ್ತು ಸಲ ನುಡಿಸಿ ಮುಂದಿನದಕ್ಕೆ ಹೋಗುವಂತೆ ಶಿಷ್ಯೆ ಏರ್ಪಡಿಸಿದ್ದಳು. ಇಡೀ ಹಂಸಕ್ಕೆ ಒಂದು ನಿಮಿಷಕ್ಕೂ ಚೂರು ಕಡಿಮೆ. ಮಂದ್ರದಲ್ಲಿ ತಂಬೂರಿಯ ದೊಡ್ಡ ತಂತಿಯನ್ನು ಬಿಡದೆ ಉಜ್ಜಿದಂಥ ಗುಂಯ್ಗಾರ. ಅದರೊಳಗೆ ಬಣ್ಣ ಮೆಲ್ಲಗೆ ಬದಲಾಗುತ್ತಿತ್ತು. ಅಲ್ಲೊಂದು ಕಡೆ ಟಕ್ಕೆಂದು ಎಡವಿತು. ಮತ್ತೊಂದು ಕಡೆ ಎಡವಿತು. ನೇಕಾರಗಿತ್ತಿ ಕುಳಿತಲ್ಲಿಂದಲೇ ಬಲಗಾಲನ್ನು ನೆಲಕ್ಕೆ ಒತ್ತಿದಳು, ಮಗ್ಗದ ತುಳಿಮೆಟ್ಟನ್ನು ಹಿಡಿದು ನಿಲ್ಲಿಸುವವಳಂತೆ. ಅಷ್ಟರಲ್ಲಿ ಇದ್ದಕ್ಕಿದ್ದಂತೆ ಆ ಗುಂಯ್ಗಾರದಿಂದ ಒಂದು ಪಂಚಮ ಚಿಮ್ಮಿತು. ಎರಡು ಸ್ಥಾಯಿ ಮೇಲೆ, ಶುದ್ಧವಾಗಿ, ಕೊಳಲಿನಂತೆ! ಒಂದು ಉಸಿರಿನಷ್ಟು ಹೊತ್ತು ನಿಂತು, ಟಕ್ಕೆಂದು ಮತ್ತೆ ಮಂದ್ರಕ್ಕಿಳಿಯಿತು. ಕಾರ್ಡುಗಳು ಮುಗಿದ ಮೇಲೆ ಮಿಕ್ಕ ಮನೆಗಳಲ್ಲೆಲ್ಲ ಸೊನ್ನೆ ತುಂಬಿದ್ದರಿಂದ ಬಹಳ ಹೊತ್ತು ಮೌನ.

"ಕರೆಂಟ್ ಓಯ್ತಾ?" ಎಂದ ನೇಕಾರಗಿತ್ತಿಯ ಗಂಡ.

ನನ್ನ ಕಣ್ಣು ತುಂಬಿತ್ತು. ಎದ್ದು ನಿಂತು ಕೈಮುಗಿದೆ. ಹಂಸವು ವಾಗ್ದೇವಿಯ ವಾಹನ, ಅದರ ಕಂಠದಲ್ಲಿ ಪಂಚಮವಿರುವುದು ಸಹಜ, ತಂದೆಯ ತಪಸ್ಸನ್ನು ಯಂತ್ರ ಹಾಡಿ ತೋರಿಸಿದೆ ಎಂದೆಲ್ಲ ಹೇಳಿದೆನೆಂದು ನೆನಪು. ಇನ್ನೂ ಹೇಳುತ್ತಿದ್ದೆನೇನೋ; ನೇಕಾರಗಿತ್ತಿ ನಡುವೆ ಬಾಯಿ ಹಾಕಿದಳು.

"ನಂಗೆ ಅದು ಸರಿಗಾಣ್ನಿಲ್ಲ ಅಯ್ನೋರೆ. ಅಲ್ಲಿ ಅಂಸ ಕತ್ತು ಬಳುಕ್ಸಬೇಕು. ಇದು ನೆಟ್ಟಗೆ ಕೋಲಿನಂಗೆ ನಿಂತ್ಕತ್ತಲ್ಲ?"

"ತಾಯಿ, ಕತ್ತು ಬಳುಕಿದರೂ ದನಿ ನೆಟ್ಟಗೆ ಬರಬಹುದು," ಎಂದೆ ಘನವಾಗಿ. ಗಮಕಿಯಾಗಿ ಊರೂರಲ್ಲಿ ಕುಳಿತು ಓದಿದವನ ಮಾತಿಗೆ ಅವಳು ಎದುರಾಡಲಿಲ್ಲ.

ಶಿಷ್ಯೆ ದನಿ ಎಡವಿದ ಏಳು ಜಾಗಗಳ ಪಟ್ಟಿಯನ್ನು ಕೊಟ್ಟಳು. ಐದು ಕಡೆ ನಿಜವಾಗಿಯೂ ತಪ್ಪು ಸಿಕ್ಕಿತು; ಎರಡು ಕಾರ್ಡು ಅದಲುಬದಲಾಗಿದ್ದವು, ಒಂದು ಮಗುಚಿಕೊಂಡಿತ್ತು, ಹೀಗೆ. ಉಳಿದೆರಡು ಜಾಗ ಆ ಪಂಚಮದ ಎರಡು ತುದಿಗಳು. ನಡುವೆ ಆರು ಕಾರ್ಡು. ಈ ಆರೂ ಒಂದೇ ಸ್ವರ ಹಾಡುತ್ತವೆಂದ ಮೇಲೆ ಇವು ಕತ್ತಲ್ಲ, ಎರಡು ಹಂಸಗಳ ನಡುವಣ ಬಯಲಿನವಿರಬೇಕೆಂದು ನೇಕಾರಗಿತ್ತಿ ತರ್ಕಿಸಿ, ಆರನ್ನೂ ಗೊಂಚಲಾಗಿಯೇ ಬಿಡಿಸಿ ಕೊನೆಗೆ ಕಟ್ಟಿದಳು. ಬಿಡಿಸಿ ಕಟ್ಟುವುದೆಂದರೆ ಒಂದು ದಿನದ ಮಾತಲ್ಲ. ಇಡೀ ಮಾಲೆಯ ದಾರ ಸಡಿಲವಾಗಿ ಮತ್ತೆ ಹೊಸದಾಗಿ ಹೆಣೆಯಬೇಕಾಯಿತು. ಗಂಡನಿಗೆ ಜ್ವರ ಬಂತು. ಬೇರೆ ಸೀರೆಯ ಕೆಲಸವೂ ನಡುವೆ ಬಂತು. ನಾನಾದರೋ ಯಳಂದೂರಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹಂಸದ ಪಂಚಮವನ್ನು ವರ್ಣಿಸುತ್ತಾ ಭಾದ್ರಪದವನ್ನು ಕಳೆದೆ.

ಅಷ್ಟಮಿಗೆ ಹದಿನಾಲ್ಕು ದಿನವಿರುವಾಗ, ಬೆಳಗಿನ ಮೊದಲ ಬಸ್ಸಿನಲ್ಲಿ ನೇಕಾರಗಿತ್ತಿ ನಮ್ಮ ಮನೆಗೆ ಬಂದಳು. ನಾನು ತುಳಸಿಗೆ ನೀರೆರೆಯುತ್ತಿದ್ದೆ. ಅವಳು ಚೀಲದಿಂದ ಗೇಣಗಲದ ಬಟ್ಟೆಯೊಂದನ್ನು ತೆಗೆದು ಜಗಲಿಯ ಮೇಲೆ ಹಾಸಿದಳು. ಅಂಚಿನಲ್ಲಿ ಹಂಸದ ಒಡಲಿತ್ತು, ಕೊಕ್ಕಿತ್ತು. ನಡುವೆ ಕತ್ತೇ ಇರಲಿಲ್ಲ. ತಲೆಯು ಬೆನ್ನಿನ ಮೇಲೆ ಕುಳಿತಿತ್ತು.

"ನಿಮ್ ಪಂಚಮ ನಮ್ಮಪ್ಪನ ಅಂಸದ ಕತ್ತ ತಿಂದ್ಬುಡ್ತು ಅಯ್ನೋರೆ. ಒಂದ್ಸಲ ಕಣ್ಣ ನಂಬಿ ಕೆಟ್ಟೆ, ಈ ಸಲ ಕಿವಿ ನಂಬಿ ಕೆಟ್ಟೆ." ಅವಳ ದನಿಯಲ್ಲಿ ಅಳು ಇರಲಿಲ್ಲ, ಇದ್ದಿದ್ದರೆ ನಾನು ತಾಳಿಕೊಳ್ಳುತ್ತಿದ್ದೆ. ಚೀಲದಿಂದ ಆರು ಕಾರ್ಡುಗಳನ್ನು ತೆಗೆದಳು. "ನಿನ್ನೆ ಒಂದೊಂದಾಗಿ ನೋಡಿದ್ರೆ ಆರೂ ಬ್ಯಾರೆ ಬ್ಯಾರೆ ಅವೆ. ಒಂದೇ ಸ್ವರ ಯೆಂಗ್ ಬಂತು? ಎಲ್ಲಿ, ಇನ್ನೊಂದ್ಸಲ ಓದಿ."

ಬೆಳಕಿಗೆ ಹಿಡಿದು ಓದಿದೆ. ಗ ಲ ಲ, ಗ ಲ ಗ, ಲ ಲ ಲ. ಇಲ್ಲಿಯವರೆಗೆ ಬರುವಷ್ಟರಲ್ಲಿ ನಾಲಗೆ ತಾನಾಗಿಯೇ ಮುಂದೆ ಜಾರಿತು: ಗ ಲ ಲ, ಗ ಲ ಲ, ಗ ಲ ಗ, ಲ ಗ.

"ನಿಲ್ಸಿ," ಎಂದಳು ಅವಳು, ಕಾರ್ಡಿನ ಮೇಲೆ ಬೆರಳಿಟ್ಟು. "ಇಲ್ಲೆಲ್ಲೈತೆ ತೂತು? ಬರೀ ರಟ್ಟು."

ನಿಜ. ರಟ್ಟಿನಲ್ಲಿ ಒಂಬತ್ತು ಸ್ಥಾನಗಳು ಮಾತ್ರ ನಾನು ಹೇಳಿದಂತಿದ್ದವು. ಹತ್ತನೆಯದರಿಂದ ಮುಂದೆ ನಾನು ಓದಿದ್ದು ರಟ್ಟನ್ನಲ್ಲ, ಉತ್ಪಲಮಾಲೆಯನ್ನು. ಪಾದಕ್ಕೆ ಇಪ್ಪತ್ತಕ್ಷರದ, ಹಳೆಯ ಕವಿಗಳು ಮನಸಾರೆ ಒಲಿದ, ನಾನು ಸಾವಿರ ಸಲ ಓದಿ ಓದಿಸಿದ ಆ ವೃತ್ತ. ಮೊದಲ ಒಂಬತ್ತು ಲಘುಗುರುಗಳು ಆಕಸ್ಮಿಕವಾಗಿ ಕೂಡಿ ಬಂದದ್ದೇ ಸಾಕಾಗಿ, ನಾಲಗೆ ಹಳೆಯ ದಾರಿ ಹಿಡಿದು ಮನೆಗೆ ಹೊರಟ ಎತ್ತಿನಂತೆ ಹೋಗಿಬಿಟ್ಟಿತ್ತು. ನೂರಿಪ್ಪತ್ತು ಸ್ಥಾನಗಳಲ್ಲಿ ಇಪ್ಪತ್ತಕ್ಷರದ ಪಾದ ಆರು ಸಲ, ಚೂರೂ ಮಿಗದಂತೆ, ಹಿಡಿಸುತ್ತದೆ. ಒಂದು ಕಾರ್ಡಿಗೆ ಆರು ಪಾದ, ಆರು ಕಾರ್ಡಿಗೆ ಮೂವತ್ತಾರು ಪಾದ! ಒಂದೇ ರೂಪ ಆರು ಸಲ ಮರುಕಳಿಸಿದ್ದರಿಂದಲೇ ದನಿ ಆರುಪಟ್ಟು ಏರಿ ಎರಡು ಸ್ಥಾಯಿಯ ಮೇಲಿನ ಪಂಚಮವಾಗಿತ್ತು. ಹಾಡಿದ್ದು ಹಂಸವಲ್ಲ, ತಂದೆಯ ತಪಸ್ಸಲ್ಲ. ಮೂರು ಒಬ್ಬಟ್ಟು ತಿಂದು ಕಣ್ಣು ಮುಚ್ಚಿದ್ದ ಪಂಡಿತ.

"ಆವತ್ತು ನೀವು ಕಣ್ಣು ಬುಟ್ಕಂಡಿದ್ರಾ?" ಎಂದಳು ಅವಳು.

"ಇಲ್ಲ," ಎಂದೆ. ಮಗ್ಗ ಎದುರಿಗಿರಲಿಲ್ಲವಾದ್ದರಿಂದ ಆ ಪದಕ್ಕೆ ಅಡ್ಡಿಯಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನೇಕಾರಗಿತ್ತಿ ಅವಳತ್ತ ನೋಡಿದಳು. ಮೊದಲು ನಕ್ಕವರು ಯಾರೆಂಬುದು ನನಗೆ ಕಾಣಲಿಲ್ಲ. ನಾನು ತಲೆ ತಗ್ಗಿಸಿದ್ದೆ. ಇಬ್ಬರೂ ಜಗಲಿಯ ಕಂಬ ಹಿಡಿದು ನಕ್ಕರು. "ಕಿಟಕಿಯಾಚೆ ಕೈನೋವಲ್ಲಿ ನಾನು ಕಾರ್ಡು ಇಡ್ಕಂಡಿವ್ನಿ ಕಣ್ರವ್ವ, ಒಳಗೆ ಇವ್ರು ಗೊರಕೇಲಿ ಮಂತ್ರ ಒಡೀತಾವ್ರೆ!" ಎಂದು ಅವಳು ಹೇಳಿದಾಗ, ದೇವರಾಣೆ, ನನಗೂ ನಗೆ ಬಂತು. ಬಿಂದಿಗೆಯಲ್ಲಿ ಉಳಿದಿದ್ದ ನೀರೆಲ್ಲ ತುಳಸಿಯ ಬದಲು ನನ್ನ ಪಂಚೆಯ ಮೇಲೆ ಚೆಲ್ಲಿತು.

ಆದರೆ ನಗೆ ಮುಗಿದ ಮೇಲೆ ಲೆಕ್ಕ ಉಳಿದಿತ್ತು: ಸೀರೆ ನೇಯಲು ಹತ್ತು ದಿನ ಬೇಕು. ಇದ್ದದ್ದು ಹದಿನಾಲ್ಕು. ಆ ಆರು ಕಾರ್ಡುಗಳನ್ನಷ್ಟೇ ತಿದ್ದಿದರೆ ಸಾಲದೆಂದು ನಾನೇ ಒಪ್ಪಿಕೊಂಡೆ. ನಾಲ್ಕು ದಿನವೂ ಊಟದ ನಂತರ ನಾನು ಓದಿದ ಯಾವ ಕಾರ್ಡಿಗೂ ನಾನು ಸಾಕ್ಷಿ ಹೇಳಲಾರೆ. ಎಂದರೆ ಅರ್ಧ ಹಂಸ.

"ಬೇರೆ ಯಾರನ್ನಾದರೂ ಓದಿಸಮ್ಮ," ಎಂದೆ.

"ಬ್ಯಾಡಿ. ನೀವೇ ಓದಿ. ಆದ್ರೆ ಹಿಂದ್ಗಡೆಯಿಂದ," ಎಂದಳು. "ನೇಯ್ಗೇಲಿ ತಪ್ಪಾದ್ರೆ ನಾವು ಬಿಚ್ಚೋದು ಕೊನೆ ಎಳೆಯಿಂದ ಹಿಂದಕ್ಕೆ. ಮುಂದಕ್ಕಾದ್ರೆ ಕೈ ತನ್ನಷ್ಟಕ್ಕೆ ತಾನೇ ಓಡ್ಬುಡ್ತದೆ. ಹಿಂದಕ್ಕೆ ಬರುವಾಗ ಪ್ರತಿ ಎಳೆನೂ ನೋಡ್ಲೇಬೇಕು."

ಆ ದಿನವೇ ಅವಳ ಜೊತೆ ಬಸ್ ಹತ್ತಿದೆ. ಶಿಷ್ಯೆ ಮತ್ತೆ ರಜೆ ಹಾಕಿದಳು, ಮರುದಿನ ಬೆಳಿಗ್ಗೆ ಓದು ತೊಡಗಿತು. ಆ ಅರ್ಧದ ಪ್ರತಿ ಕಾರ್ಡನ್ನೂ ಬಲಗೊನೆಯಿಂದ ಎಡಕ್ಕೆ ಓದಿದೆ. ಸಾಲುಗಳನ್ನು ತಿರುಗಿಸಿ ನೆಟ್ಟಗಾಗಿಸುವುದು ಯಂತ್ರಕ್ಕೆ ಒಂದು ಆಜ್ಞೆಯ ಕೆಲಸವಂತೆ. ಹಿಂದಿನಿಂದ ಓದಿದಾಗ ಉತ್ಪಲಮಾಲೆಯೂ ಇಲ್ಲ, ಯಾವ ಮಾಲೆಯೂ ಇಲ್ಲ. ಬರಿಯ ರಟ್ಟು, ಬರಿಯ ಬೆಳಕು. ಕಲ್ಲುದಾರಿಯಲ್ಲಿ ಬರಿಗಾಲಿನಲ್ಲಿ ನಡೆದಂತೆ ನಾಲಗೆ ಒಂದೊಂದು ಅಕ್ಷರವನ್ನೂ ನೋಡಿಕೊಂಡು ಇಟ್ಟಿತು. ಊಟಕ್ಕೆ ಮೊಸರನ್ನ ಮಾತ್ರ, ಅದೂ ಅಳತೆಯಲ್ಲಿ, ನೇಕಾರಗಿತ್ತಿಯ ಕಟ್ಟಪ್ಪಣೆ. ಕಿಟಕಿಯಾಚೆಯಿಂದ ಅವಳು ಆಗಾಗ, "ಅಯ್ನೋರೆ, ಎದ್ದಿದ್ದೀರಾ?" ಎನ್ನುವಳು, ನಾನು "ಗ" ಎನ್ನುವೆ.

ಓದಿನ ಎರಡನೆಯ ದಿನ ಸಂಜೆಗೆ ಯಂತ್ರ ಮತ್ತೆ ನುಡಿಯಿತು. ಪಂಚಮ ಇರಲಿಲ್ಲ. ಅದರ ಜಾಗದಲ್ಲಿ ಮಂದ್ರದ ಗುಂಯ್ಗಾರ ಒಳಗೊಳಗೇ ಹೊರಳಿ, ತೆಳುವಾಗಿ, ಮತ್ತೆ ತುಂಬಿ ಬಂತು. ಸಂಗೀತವೆಂದು ಯಾರೂ ಮೆಚ್ಚುವಂಥದ್ದಲ್ಲ. ನೇಕಾರಗಿತ್ತಿಯ ಬಲಗಾಲು ನೆಲದ ಮೇಲೆ ಅದಕ್ಕೆ ಸರಿಯಾಗಿ ಏರಿ ಇಳಿಯುತ್ತಿತ್ತು. ಒಂದೇ ಒಂದು ಕಡೆ ಎಡವಿದಾಗ ಕಾಲು ನಿಂತಿತು. ಆರು ಕಾರ್ಡುಗಳನ್ನು ಹಳೆಯ ಜಾಗಕ್ಕೆ ಮರಳಿ ಜೋಡಿಸುವಾಗ ಎರಡನ್ನು ಹಿಂದುಮುಂದಾಗಿಸಿದ್ದಳು. "ಇದು ನನ್ ತಪ್ಪು," ಎಂದಳು, ಯಾರೂ ಕೇಳದಿದ್ದರೂ, ಬಹಳ ಸಂತೋಷದಿಂದ.

ಮರುದಿನ ಗಂಡ, ಹೆಂಡತಿ, ಶಿಷ್ಯೆ ಮೂವರೂ ಕೂಡಿ ಬೆಳಗಿನಿಂದ ರಾತ್ರಿಯವರೆಗೆ ಕೂತು ಎಲ್ಲ ಕಾರ್ಡುಗಳನ್ನೂ ಬಿಗಿಯಾಗಿ ಕಟ್ಟಿ ಜಕಾರ್ಡಿಗೆ ಏರಿಸಿದರು. ಅದರ ಮರುದಿನ ಬೆಳಿಗ್ಗೆ, ಅಷ್ಟಮಿಗೆ ಸರಿಯಾಗಿ ಹತ್ತು ದಿನವಿರುವಾಗ, ನಾನು ತಡೆಯಲಾರದೆ ಮಗ್ಗದ ಮನೆಗೆ ಹೋದೆ. ಅವಳು ನೇಯುತ್ತಿದ್ದಳು. ಲಾಳಿ ಓಡುತ್ತಿತ್ತು, ತಲೆಯ ಮೇಲೆ ಕಾರ್ಡು ಒಂದೊಂದಾಗಿ ಮಗುಚಿಕೊಳ್ಳುತ್ತಿತ್ತು. ಅಂಚನ್ನು ನೋಡಿದರೆ ಸರಿಗೆಯ ಎಳೆಗಳ ಸಿಕ್ಕಲ್ಲದೆ ಬೇರೇನೂ ಕಾಣದೆ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ.

"ಬಟ್ಟೆ ಮುಖ ಕೆಳಗಡೀಕಿರ್ತದೆ ಅಯ್ನೋರೆ," ಎಂದು ಅವಳು ಪಕ್ಕದಲ್ಲಿದ್ದ ಅಂಗೈಯಗಲದ ಕನ್ನಡಿಯನ್ನು ಬಟ್ಟೆಯಡಿ ಹಿಡಿದಳು.

ಬಗ್ಗಿದೆ. ಕನ್ನಡಕ ಜಾರಿತು, ಹಿಡಿದುಕೊಂಡು ಮತ್ತೆ ಬಗ್ಗಿದೆ. ಕನ್ನಡಿಯೊಳಗೆ ಬಂಗಾರದ ಹಂಸವೊಂದು, ಒಡಲಿನಿಂದ ಕೊಕ್ಕಿನವರೆಗೆ ಎಲ್ಲಿಯೂ ಚಿವುಟಿಸಿಕೊಳ್ಳದೆ, ಕತ್ತನ್ನು ಹಿಂದಕ್ಕೆ ಬಳುಕಿಸಿ, ಮುಂದಿನ ಹಂಸದ ಬಾಲ ಮೂಡುವುದನ್ನು ನೋಡುತ್ತಿತ್ತು. ನನ್ನ ಬಾಯಲ್ಲಿ ಶ್ಲೋಕವೊಂದು ಎದ್ದು ಬರುತ್ತಿದ್ದುದು ಅವಳಿಗೆ ಹೇಗೋ ತಿಳಿಯಿತು.

"ಶುರು ಮಾಡ್ಬ್ಯಾಡಿ," ಎಂದು ಕನ್ನಡಿಯನ್ನು ಹಿಂದಕ್ಕೆ ಎಳೆದುಕೊಂಡಳು. "ಹತ್ತು ದಿನಕ್ಕೆ ಹತ್ತು ದಿನದ ಕೆಲಸ ಅದೆ. ಒಂದೀಟು ಅತ್ತಗೆ ಜರುಗಿ, ಬೆಳಕು ಬರ್ಲಿ."

ನಾನು ಜರುಗಿದೆ. ಬೆಳಕು ಬಂತು.